ಬೇಸ್ ಗಿಟಾರ್‌ನ ಟ್ಯೂನರ್‌ಗಳನ್ನು 15 ಡಿಗ್ರಿ ಓರೆಯಾಗಿ ಕೂರಿಸಿದ್ದು: ನನ್ನ ಅನುಭವ

ಟ್ಯೂನರ್ (ತಂತಿಯನ್ನು ಬಿಗಿ, ಸಡಿಲ ಮಾಡಿ ಶ್ರುತಿ ಸೇರಿಸುವ ಸಾಧನ) ಓರೆ ಮಾಡಿದರೆ ಬೇಸ್‌ನ ನಾದ ಸುಧಾರಿಸುತ್ತದೆ, ಶ್ರುತಿ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಂತಿ ಸುತ್ತಿಕೊಳ್ಳುವ ಗೂಟ ದುಂಡಗಿದೆ, ಅದರ ತೂತು ಇದ್ದಲ್ಲೇ ಇರುತ್ತದೆ. ಆ ಗೂಟದ ಸುತ್ತ ಟ್ಯೂನರ್‌ನ ಗೇರ್ ಡಬ್ಬಿಯನ್ನು ಎಷ್ಟೇ ತಿರುಗಿಸಿ ಕೂರಿಸಿದರೂ ನಟ್‌ನಿಂದ (ಬೇಸ್‌ನ ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಗೀರುಪಟ್ಟಿ) ಗೂಟಕ್ಕೆ ಹೋಗುವ ತಂತಿಯ ದಾರಿ ಬದಲಾಗುವುದಿಲ್ಲ. ನುಡಿಸುವಾಗ ಬೇಸ್‌ನ ಕತ್ತು ತೂಕಕ್ಕೆ ಕೆಳಗೆ ವಾಲುವ ತೊಂದರೆಯೂ ಇದರಿಂದ ಹೋಗುವುದಿಲ್ಲ, ಅದಕ್ಕೆ ಹಗುರವಾದ ಟ್ಯೂನರ್ ಬೇಕು. ಓರೆಯಿಂದ ಲಾಭವಾಗುವುದು ಎರಡಕ್ಕೇ: ಮಣಿಕಟ್ಟಿಗೆ ಮತ್ತು ಕಣ್ಣಿಗೆ. ಆ ಎರಡಕ್ಕಾಗಿಯೇ ಈ ಕೆಲಸ ಮಾಡುವುದು ಸಾರ್ಥಕ ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ಗಿಟಾರ್ ಕಂಪನಿ ಫೆಂಡರ್ 1951ರಲ್ಲಿ ಪ್ರೆಸಿಶನ್ ಬೇಸ್ ತಂದಾಗ ನಾಲ್ಕೂ ಟ್ಯೂನರ್‌ಗಳನ್ನು ಒಂದೇ ಸಾಲಿನಲ್ಲಿ ಹೆಡ್‌ಸ್ಟಾಕ್‌ನ (ಕತ್ತಿನ ತುದಿಯ ತಲೆಭಾಗ) ಮೇಲಂಚಿಗೆ ಕೂರಿಸಿ, ತಿರುಗಿಸುವ ಕಿವಿಗಳನ್ನು ನೆಟ್ಟಗೆ ಹೊರಗೆ ಚಾಚಿಸಿತು. ಗಿಬ್ಸನ್ 1953ರ ತನ್ನ ಮೊದಲ ವಿದ್ಯುತ್ ಬೇಸ್‌ನಲ್ಲಿ ಬ್ಯಾಂಜೋ ಮಾದರಿಯ ಟ್ಯೂನರ್ ಹಾಕಿ ಕಿವಿಗಳನ್ನು ಹೆಡ್‌ಸ್ಟಾಕ್‌ನ ಹಿಂದಕ್ಕೆ ತಿರುಗಿಸಿತು. ಜರ್ಮನಿಯ ವಾರ್ವಿಕ್ ಬೇಸ್‌ಗಳನ್ನಂತೂ ಓರೆಯಾದ ಕಿವಿಗಳಿಂದಲೇ ದೂರದಿಂದ ಗುರುತು ಹಿಡಿಯಬಹುದು. ನಾನು ಕೆಲಸ ಮಾಡಿದ್ದು ಫೆಂಡರ್ ಮಾದರಿಯ, ನಾಲ್ಕೂ ಒಂದೇ ಸಾಲಿನಲ್ಲಿರುವ, 34 ಇಂಚು ಸ್ಕೇಲ್‌ನ (ತಂತಿ ಕಂಪಿಸುವ ಉದ್ದ) ಮೇಪಲ್ ಕತ್ತಿನ ಮೇಲೆ. ಕೆಳಗಿನ ಅಳತೆಗಳೆಲ್ಲ ಅದರವು. ನಿಮ್ಮದನ್ನು ಕ್ಯಾಲಿಪರ್‌ನಿಂದ ಅಳೆದು ಲೆಕ್ಕ ಬದಲಿಸಿಕೊಳ್ಳಿ.

ಮೊದಲು ದಿಕ್ಕು ತೀರ್ಮಾನವಾಗಬೇಕು. ಬೇಸ್ ನೇತುಹಾಕಿಕೊಂಡು ಎಡಗೈಯನ್ನು ಟ್ಯೂನರ್ ಕಡೆ ಚಾಚಿ ನೋಡಿ: ಮುಂಗೈ ಹೆಚ್ಚುಕಡಿಮೆ ಕತ್ತಿನ ಉದ್ದಕ್ಕೇ ಸಾಗುತ್ತದೆ. ಕಿವಿ ಅದಕ್ಕೆ ಅಡ್ಡವಾಗಿ ನಿಂತಿರುವುದರಿಂದ ಅದನ್ನು ಹಿಡಿಯಲು ಮಣಿಕಟ್ಟನ್ನು ಬಗ್ಗಿಸಬೇಕು, ಬಗ್ಗಿಸಿದ ಮೇಲೇ ತಿರುಗಿಸಬೇಕು. ಕಿವಿಯನ್ನು ಬಾಡಿಯ ಕಡೆಗೆ ವಾಲಿಸಿದರೆ ಅದರ ದಂಡ ಮುಂಗೈಯ ಗೆರೆಗೆ ಅಷ್ಟರಮಟ್ಟಿಗೆ ಹತ್ತಿರವಾಗುತ್ತದೆ, ಹೆಬ್ಬೆರಳು ಮತ್ತು ತೋರುಬೆರಳು ಎರಡೇ ಸಾಕಾಗುತ್ತವೆ. ಹೆಡ್‌ಸ್ಟಾಕ್ ತುದಿಯ ಕಡೆ ವಾಲಿಸಿದರೆ ಫೋಟೋದಲ್ಲಿ ಚೂಪಾಗಿ, ಓಟದಲ್ಲಿರುವಂತೆ ಕಾಣುತ್ತದೆ ನಿಜ. ಆದರೆ ಮೊದಲೇ ದೂರವಿರುವ ಜಿ ತಂತಿಯ ಕಿವಿ ಇನ್ನೂ ದೂರ ಹೋಗಿ ಭುಜವನ್ನೇ ಮುಂದೆ ತಳ್ಳಬೇಕಾಗುತ್ತದೆ. ನಿಂತು ನುಡಿಸುವವರು ಆ ದಿಕ್ಕನ್ನು ಬಿಡುವುದೇ ಒಳ್ಳೆಯದು.

ಇನ್ನು ಎಷ್ಟು ಡಿಗ್ರಿ ಎಂಬ ಪ್ರಶ್ನೆ. ಹೆಚ್ಚಿನವರು ಎಡವುವುದು ಇಲ್ಲಿ. ಓರೆ ಹೆಚ್ಚಿದಷ್ಟೂ ಕೈಗೆ ಸುಖ ಎಂದು 25, 30 ಡಿಗ್ರಿಗೆ ಹೋಗುತ್ತಾರೆ. ನನ್ನ ಟ್ಯೂನರ್‌ನಲ್ಲಿ ಗೂಟದ ನಡುವಿನಿಂದ ಕಿವಿಯ ಬುಡಕ್ಕೆ 32 ಮಿ.ಮೀ., ಕಿವಿಯ ತುದಿಗೆ 56 ಮಿ.ಮೀ., ಕಿವಿಯ ಅಗಲ 38 ಮಿ.ಮೀ. ಗೂಟದಿಂದ ಹೆಡ್‌ಸ್ಟಾಕ್‌ನ ಅಂಚಿಗೆ 22 ಮಿ.ಮೀ. ಕಿವಿ ನೆಟ್ಟಗಿದ್ದಾಗ ಅದರ ಬುಡಕ್ಕೂ ಮರಕ್ಕೂ 10 ಮಿ.ಮೀ. ಸಂದು. ಓರೆ ಮಾಡಿದಾಗ ಬುಡ ಅಂಚಿಗೆ ಹತ್ತಿರ ಬರುತ್ತದೆ, ಜೊತೆಗೆ ಕಿವಿಯ ಒಂದು ಮೂಲೆ ಮರದ ಕಡೆ ಇಳಿಯುತ್ತದೆ. 15 ಡಿಗ್ರಿಯಲ್ಲಿ ಆ ಮೂಲೆಗೂ ಮರಕ್ಕೂ ಉಳಿಯುವುದು 4 ಮಿ.ಮೀ.; 20ರಲ್ಲಿ ಒಂದೂವರೆ; 25ರಲ್ಲಿ ಮೂಲೆ ಮರಕ್ಕೇ ತಾಗಿ, ಒಂದೊಂದು ಸುತ್ತಿಗೂ ಅಂಚಿನ ಲ್ಯಾಕರ್ (ಮರದ ಮೇಲಿನ ಹೊಳಪಿನ ಲೇಪ) ಕೆರೆಯುತ್ತದೆ.

ಕಿವಿ ಕಿವಿಗಳ ನಡುವಿನ ಜಾಗದ ಲೆಕ್ಕ ಸ್ವಲ್ಪ ಬೇರೆ. ಗೂಟಗಳ ಅಂತರ 44 ಮಿ.ಮೀ. ಇದ್ದು ಓರೆ 15 ಡಿಗ್ರಿ ಆದಾಗ ದಂಡಗಳ ನಡುವಿನ ನೇರ ಅಂತರ 42.5ಕ್ಕೆ ಇಳಿಯುತ್ತದೆ. ಬೆರಳಿಗೆ ಜಾಗ ಕಡಿಮೆಯಾಯಿತು ಅನ್ನಿಸಬಹುದು. ಆದರೆ ಒಂದು ಕಿವಿ ಪಕ್ಕದ್ದಕ್ಕಿಂತ ಸುಮಾರು 11 ಮಿ.ಮೀ. ಹಿಂದೆ ಸರಿದಿರುತ್ತದೆ. 24 ಮಿ.ಮೀ. ಎತ್ತರದ ಕಿವಿಗಳು ಎದುರುಬದುರಾಗುವುದು ಅರ್ಧದಷ್ಟು ಮಾತ್ರ. ಬೆರಳು ಒಳಗೆ ಹೋಗಲು ನಿಜವಾಗಿ ಮೊದಲಿಗಿಂತ ಹೆಚ್ಚು ಜಾಗ ಸಿಗುತ್ತದೆ.

ನಟ್‌ಗೆ ಹತ್ತಿರವಿರುವ ಇ ತಂತಿಯ ಕಿವಿಯನ್ನೂ ನೋಡಿಕೊಳ್ಳಬೇಕು. ಅದರ ಗೂಟ ನಟ್‌ನಿಂದ 50 ಮಿ.ಮೀ. ದೂರದಲ್ಲಿದ್ದರೆ, 15 ಡಿಗ್ರಿಯಲ್ಲಿ ಕಿವಿಯ ಮೂಲೆ ನಟ್‌ನಿಂದ 17 ಮಿ.ಮೀ. ದೂರಕ್ಕೆ ಬಂದಿರುತ್ತದೆ, 25ರಲ್ಲಿ 9ಕ್ಕೆ. ಆಗ ಮೊದಲ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಎಫ್ ಸ್ವರ ಒತ್ತುವಾಗ ತೋರುಬೆರಳಿನ ಬುಡ ಆ ಲೋಹಕ್ಕೆ ತಗುಲತೊಡಗುತ್ತದೆ. ಇವೆಲ್ಲ ಸೇರಿಯೇ 15 ಡಿಗ್ರಿ ಎಂದು ನಿರ್ಧರಿಸಿದ್ದು.

ಟ್ಯೂನರ್ ಕೊಳ್ಳುವಾಗ ಹಳೆಯ ತೂತಿಗೇ ಸರಿಹೋಗುವುದನ್ನು ನೋಡಿ. ನನ್ನದು 17.5 ಮಿ.ಮೀ., ಗೂಟ ಅರ್ಧ ಇಂಚಿನದು. ದೊಡ್ಡ ತಗಡಿನ, ನಾಲ್ಕು ಸ್ಕ್ರೂಗಳ ಹಳೇ ಮಾದರಿ ಈ ಕೆಲಸಕ್ಕೆ ಬರುವುದಿಲ್ಲ, ತಿರುಗಿಸಿದಾಗ ತಗಡುಗಳ ಮೂಲೆಗಳು ಒಂದಕ್ಕೊಂದು ಗುದ್ದುತ್ತವೆ. ಮುಚ್ಚಿದ ಚಿಕ್ಕ ಡಬ್ಬಿ, ಹಿಂದೆ ಒಂದೇ ಸ್ಕ್ರೂ, ಎದುರಿನಿಂದ ತಿರುಗಿಸುವ ಆರು ಮೂಲೆಯ ಬುಷಿಂಗ್ (ಗೂಟದ ಸುತ್ತ ಕೂತು ಟ್ಯೂನರನ್ನು ಮರಕ್ಕೆ ಬಿಗಿಯುವ ಲೋಹದ ಬಳೆ), 20:1 ಗೇರ್ (ಕಿವಿ 20 ಸುತ್ತು ತಿರುಗಿದರೆ ಗೂಟ ಒಂದು ಸುತ್ತು). ಇಷ್ಟಿದ್ದರೆ ಸಾಕು.

ಹಳೆಯ 16 ಸ್ಕ್ರೂ ತೂತುಗಳನ್ನು 3 ಮಿ.ಮೀ.ಗೆ ಹಿಗ್ಗಿಸಿ, ಮೇಪಲ್ ಕಡ್ಡಿಗೆ ಮರದ ಅಂಟು ಸವರಿ ತುಂಬಿ, ಒಂದು ದಿನ ಬಿಟ್ಟು ಉಳಿಯಿಂದ ಸಮ ಮಾಡಿದೆ. ಹಲ್ಲುಕಡ್ಡಿ ತುಂಬಬೇಡಿ. ಹೊಸ ತೂತು ಹಳೆಯದರ ಪಕ್ಕದಲ್ಲೇ ಬಂದರೆ ಡ್ರಿಲ್ ಬಿಟ್ ಆ ಮೆತ್ತನೆಯ ಕಡ್ಡಿಯ ಕಡೆಗೆ ಜಾರುತ್ತದೆ.

ಕೋನ ಹಿಡಿಯಲು ಪ್ರೊಟ್ರ್ಯಾಕ್ಟರ್ ನಂಬಬೇಡಿ. ಪ್ಲೈವುಡ್‌ನಲ್ಲಿ ಒಂದು ಲಂಬಕೋನ ತ್ರಿಕೋನ ಕತ್ತರಿಸಿ: ಒಂದು ಬದಿ 100 ಮಿ.ಮೀ., ಅದಕ್ಕೆ ಲಂಬವಾದದ್ದು 26.8 ಮಿ.ಮೀ. ಅದೇ 15 ಡಿಗ್ರಿ. ಹೆಡ್‌ಸ್ಟಾಕ್‌ನ ಹಿಂಬದಿಯಲ್ಲಿ ಗೂಟಗಳ ಸಾಲಿಗೆ ಸಮಾಂತರವಾಗಿ ನೇರವಾದ ಒಂದು ಪಟ್ಟಿಯನ್ನು ಎರಡು ಬದಿಯ ಟೇಪಿನಿಂದ ಅಂಟಿಸಿ. ತ್ರಿಕೋನ ಆ ಪಟ್ಟಿಯ ಮೇಲೆ ಜಾರುತ್ತಾ ಹೋಗುತ್ತದೆ, ಒಂದೊಂದು ಡಬ್ಬಿಯೂ ಅದಕ್ಕೆ ಒತ್ತಿ ಕೂರುತ್ತದೆ. ಹೆಡ್‌ಸ್ಟಾಕ್‌ನ ಅಂಚನ್ನು ಆಧಾರವಾಗಿ ಹಿಡಿಯಬಾರದು. ಅದು ನೇರವಾಗಿ ಕಂಡರೂ ಉಜ್ಜಿ ಉಜ್ಜಿ ಬಾಗಿರುತ್ತದೆ, ಅದರ ಪ್ರಕಾರ ಕೂರಿಸಿದ ಕಿವಿಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಉದ್ದನೆಯ ನಾಲ್ಕು ದಂಡಗಳು ಒಂದೇ ಸಾಲಿನಲ್ಲಿ ನಿಂತಾಗ ಒಂದೆರಡು ಡಿಗ್ರಿ ತಪ್ಪಿದರೂ ಕಣ್ಣು ಹಿಡಿದುಬಿಡುತ್ತದೆ. ಚೆಲುವು ಇರುವುದು ಓರೆಯಲ್ಲಲ್ಲ, ಆ ಸಮಾಂತರದಲ್ಲಿ.

ಬಿಗಿ ಮಾಡುವ ಕ್ರಮ ತಪ್ಪಬಾರದು. ಡಬ್ಬಿಯನ್ನು ತ್ರಿಕೋನಕ್ಕೆ ಒತ್ತಿ ಹಿಡಿದುಕೊಂಡೇ ಮೊದಲು ಬುಷಿಂಗ್ ಬಿಗಿ ಮಾಡಿ, ಆಮೇಲೆ ಸ್ಕ್ರೂ ಗುರುತು ಹಾಕಿ. ಸ್ಕ್ರೂ ಮೊದಲು ಹಾಕಿ ಬುಷಿಂಗ್ ಆಮೇಲೆ ಬಿಗಿ ಮಾಡಿದರೆ ಬುಷಿಂಗ್ ತಿರುಗುವಾಗ ಡಬ್ಬಿಯನ್ನೂ ಎಳೆದುಕೊಂಡು ತಿರುಗಿ ಸ್ಕ್ರೂವಿನ ತೂತು ಅಂಡಾಕಾರವಾಗುತ್ತದೆ. ಬುಷಿಂಗ್ ಕೆಳಗಿನ ವಾಷರ್ ಲ್ಯಾಕರ್‌ಗೆ ಕಚ್ಚಿಕೊಂಡ ಮೇಲೆ ಇನ್ನೊಂದು ಸಣ್ಣ ತಿರುವು ಸಾಕು, ಅದಕ್ಕಿಂತ ಬಿಗಿದರೆ ವಾಷರ್ ಸುತ್ತ ಲ್ಯಾಕರ್ ಸೀಳುತ್ತದೆ.

ಸ್ಕ್ರೂ 2.4 ಮಿ.ಮೀ. ಇದ್ದರೆ 2 ಮಿ.ಮೀ. ಬಿಟ್. ಸ್ಕ್ರೂವಿನ ಉದ್ದಕ್ಕಿಂತ 1 ಮಿ.ಮೀ. ಹೆಚ್ಚು ಆಳಕ್ಕೆ ಬಿಟ್ ಮೇಲೆ ಟೇಪ್ ಗುರುತು ಕಟ್ಟಿ. ಮೇಪಲ್ ಗಟ್ಟಿ ಮರ, ಟ್ಯೂನರ್ ಜೊತೆ ಬರುವ ಸ್ಕ್ರೂಗಳು ಮೆತ್ತಗಿನ ಲೋಹದವು. ಹಾಗೇ ತಿರುಗಿಸಿದರೆ ತಲೆ ಮುರಿದು ದಂಡ ಮರದಲ್ಲೇ ಉಳಿಯುತ್ತದೆ. ಅದೇ ಅಳತೆಯ ಸಾದಾ ಉಕ್ಕಿನ ಸ್ಕ್ರೂವಿಗೆ ಮೇಣದ ಬತ್ತಿ ಸವರಿ ಒಮ್ಮೆ ಹಾಕಿ ತೆಗೆಯಿರಿ. ಮರದಲ್ಲಿ ಸ್ಕ್ರೂವಿನ ಸುರುಳಿ ಗೀರು ಮೂಡಿದ ಮೇಲೆ ಹೊಳೆಯುವ ಸ್ಕ್ರೂ ಹಾಕಿ. ಸೋಪು ಸವರಬಾರದು, ಅದು ತೇವ ಹಿಡಿದು ಸ್ಕ್ರೂ ತುಕ್ಕು ಹಿಡಿಸುತ್ತದೆ.

ತಂತಿ ಹಾಕುವಾಗ ಗೂಟ ದಾಟಿ ಸುಮಾರು 120 ಮಿ.ಮೀ. ಬಿಟ್ಟು ಕತ್ತರಿಸಿದರೆ ಎರಡೂವರೆ ಸುತ್ತು ಬರುತ್ತದೆ. ಫೆಂಡರ್ ಮಾದರಿಯಲ್ಲಿ ಡಿ ಮತ್ತು ಜಿ ತಂತಿಗಳನ್ನು ಕೆಳಗೆ ಒತ್ತುವ ಗುಂಡಿ ಇರುತ್ತದೆ, ಎ ತಂತಿಗೆ ಇರುವುದಿಲ್ಲ. ಅದಕ್ಕೆ ಒಂದು ಸುತ್ತು ಹೆಚ್ಚು ಕೊಟ್ಟು ಗೂಟದ ಬುಡದವರೆಗೆ ಇಳಿಸಿ.

ಶ್ರುತಿ ಸೇರಿದ ಮೇಲೆ ನಾಲ್ಕು ಕಿವಿಗಳೂ ನಾಲ್ಕು ರೀತಿಯಲ್ಲಿ ತಿರುಗಿ ನಿಂತಿರುತ್ತವೆ. ಅವನ್ನು ಒಂದೇ ಮುಖಕ್ಕೆ ತರಲು ಹೋಗಬೇಡಿ: 20:1 ಗೇರ್‌ನಲ್ಲಿ ಕಿವಿಯ ಅರ್ಧ ಸುತ್ತು ಎಂದರೆ ತಂತಿಯಲ್ಲಿ ಹೆಚ್ಚುಕಡಿಮೆ 1 ಮಿ.ಮೀ., ಶ್ರುತಿ ಪೂರ್ತಿ ಕೆಡಲು ಅಷ್ಟು ಸಾಕು.

ಗೋಡೆಗೆ ನೇತುಹಾಕುವವರು ಕೊಕ್ಕೆಯನ್ನೂ ಪರೀಕ್ಷಿಸಬೇಕು. ಇ ತಂತಿಯ ಕಿವಿಯ ತುದಿ ನಟ್ ಕಡೆಗೆ 14.5 ಮಿ.ಮೀ. ಸರಿದಿರುವುದರಿಂದ ಅಗಲ ತೋಳಿನ ಕೊಕ್ಕೆಗಳಲ್ಲಿ ಬೇಸ್‌ನ ಭಾರ ಹೆಡ್‌ಸ್ಟಾಕ್ ಬದಲು ಆ ಕಿವಿಯ ಮೇಲೆ ಕೂರಬಹುದು, ದಂಡ ಬಾಗುತ್ತದೆ. ತೋಳು ಕಿರಿದಾದ, ರಬ್ಬರ್ ಹೊದಿಸಿದ ಕೊಕ್ಕೆ ತಂದು, ಕಿವಿಗೂ ತೋಳಿಗೂ ನಡುವೆ ಬೆರಳು ತೂರುವಷ್ಟು ಜಾಗ ಇದೆಯೇ ಎಂದು ನೋಡಿ ನೇತುಹಾಕಿ.