ಹೊಸ ನೀರಿಗೆ ಬಲೆ ಹಾಕುವುದಿಲ್ಲ

ನಾವು ಅಂಬಿಗರು. ಹಾವೇರಿ ಜಿಲ್ಲೆಯ ಗಳಗನಾಥದ ಹತ್ತಿರ ವರದಾ ನದಿ ತುಂಗಭದ್ರೆಗೆ ಸೇರುತ್ತದೆ. ಅಲ್ಲೇ ಸುತ್ತಮುತ್ತ ನಮ್ಮ ಮೀನುಗಾರಿಕೆ. 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನವರ ಚೌಡದಾನಪುರವೂ ಇದೇ ತುಂಗಭದ್ರೆಯ ದಂಡೆಯಲ್ಲಿದೆ. ಹೊಳೆಗೆ ಇಳಿಯುವಾಗ ಗಂಗಮ್ಮನ ಜೊತೆ ಅವರನ್ನೂ ನೆನೆಯುತ್ತೇವೆ.

ಬೀಸು ಬಲೆ ನನಗೆ ಕಲಿಸಿದವರು ದೊಡ್ಡಪ್ಪ. "ತಮ್ಮಾ, ಮೊದಲ ನೀರು ನೋಡು, ಆಮ್ಯಾಲೆ ಬಲಿ ಬೀಸು" ಅನ್ನುತ್ತಿದ್ದರು. ಸಣ್ಣ ಗುಳ್ಳೆ ಸಾಲಾಗಿ ಎದ್ದರೆ ತಳದಲ್ಲಿ ಮೀನು ಕೆಸರು ಕೆದಕುತ್ತಿದೆ ಅಂತ ಲೆಕ್ಕ. ಹಗ್ಗದ ಕುಣಿಕೆ ಎಡಗೈ ಮಣಿಕಟ್ಟಿಗೆ. ಬಲೆಯನ್ನು ಮಡಚಿ ಅದೇ ಕೈಯಲ್ಲಿ ಹಿಡಿಯಬೇಕು. ಅಂಚಿನ ಸ್ವಲ್ಪ ಭಾಗ ಎಡ ಮೊಣಕೈ ಮೇಲೆ, ಉಳಿದದ್ದು ಬಲಗೈಯಲ್ಲಿ. ತೋಳಿನ ಬಲ ಸಾಲದು, ಸೊಂಟ ತಿರುಗಬೇಕು. ಆಗ ಬಲೆ ಜೋಳದ ರೊಟ್ಟಿ ಹಾಗೆ ದುಂಡಗೆ ಬೀಳುತ್ತದೆ. ಅಂಚಿನ ಸೀಸದ ಗುಂಡುಗಳು ತಳ ಮುಟ್ಟುವ ತನಕ ಹಗ್ಗ ಸಡಿಲ ಬಿಡಿ. ಅವಸರ ಮಾಡಿ ಎಳೆದರೆ ಅಂಚು ಮೇಲೇಳುತ್ತದೆ, ಮೀನು ಕೆಳಗಿಂದ ಹೋಗಿಬಿಡುತ್ತದೆ. ಕಲ್ಲು, ಜಾಲಿ ಕೊಂಬೆ ಇರುವ ಕಡೆ ಬೀಸಲೇಬೇಡಿ.

ಬಲೆಯಿಂದ ಮೀನು ಬಿಡಿಸುವಾಗ ಚೇಳು ಮೀನು ಕಂಡರೆ ಹುಷಾರು. ಕಿವಿರಿನ ಹಿಂದೆ ಎರಡೂ ಕಡೆ ವಿಷದ ಮುಳ್ಳು ಇರುತ್ತದೆ. ಚುಚ್ಚಿದರೆ ಕೈಯನ್ನು ತಡೆದುಕೊಳ್ಳುವಷ್ಟು ಬಿಸಿ ನೀರಲ್ಲಿ ಇಡಿ, ಉರಿ ಇಳಿಯುತ್ತದೆ. ಬಾವು ಜಾಸ್ತಿಯಾದರೆ ಸುಮ್ನೆ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ನಾನು ಬಹಳ ಗಟ್ಟಿಯಾಗಿ ಹಿಡಿದುಕೊಂಡಿರುವ ಕಟ್ಟಳೆ ಒಂದಿದೆ. ಮಿರಗ, ಅಂದರೆ ಮೃಗಶಿರಾ ಮಳೆ ಸುರಿದು ಹೊಳೆಗೆ ಕೆಂಪು ನೀರು ಬಂದಾಗ ಗಂಗಮ್ಮನಿಗೆ ಉಡಿ ತುಂಬುತ್ತೇವೆ. ಅರಿಸಿನ, ಕುಂಕುಮ, ಕಾಯಿ, ಹಸಿರು ಬಳೆ. ಆಮೇಲೆ ಸ್ವಲ್ಪ ಕಾಲ ಬಲೆ ಗೂಟದಲ್ಲೇ ಇರುತ್ತದೆ. ಆ ಹೊತ್ತಿಗೆ ತತ್ತಿ ತುಂಬಿದ ಮೀನುಗಳು ಹೊಳೆ ಬಿಟ್ಟು ಹಳ್ಳ, ಗದ್ದೆಯ ಕಡೆ ಹತ್ತುತ್ತವೆ. ಮೊಣಕಾಲು ನೀರಲ್ಲಿ ಹೊಟ್ಟೆ ದಪ್ಪ ಮಾಡಿಕೊಂಡು ಒದ್ದಾಡುತ್ತಾ ಹೋಗುವುದನ್ನು ಕೈಯಲ್ಲೇ ಹಿಡಿಯಬಹುದು. ಆಗಲೇ ಹಿಡಿದರೆ ದೀಪಾವಳಿ ಹೊತ್ತಿಗೆ ಹೊಳೆಯಲ್ಲಿ ಏನು ಉಳಿಯುತ್ತದೆ? ಈಗ ಕೆಲವರು ಹಳ್ಳದ ಬಾಯಿಗೆ ಸೊಳ್ಳೆ ಪರದೆ ಕಟ್ಟಿ ಮರಿಗಳನ್ನೂ ಬಾಚುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಬಲೆಯ ಕಣ್ಣಿನಲ್ಲಿ ಮೂರು ಬೆರಳು ಸಲೀಸಾಗಿ ಹೋಗಬೇಕು. ಅದಕ್ಕಿಂತ ಸಣ್ಣ ಕಣ್ಣಿನ ಬಲೆ ನಮ್ಮ ಮನೆಯಲ್ಲಿ ಹೆಣೆಯುವುದಿಲ್ಲ.

ಬೇಸಿಗೆಯಲ್ಲಿ ವರದೆ ಬತ್ತಿ ಮೀನೆಲ್ಲ ಮಡುಗಳಲ್ಲಿ ಸೇರುತ್ತವೆ. ಗುಡಿ ಮುಂದಿನ ಮಡುವನ್ನು ನಮ್ಮೂರಲ್ಲಿ ಯಾರೂ ಮುಟ್ಟುವುದಿಲ್ಲ. ಮುಂದಿನ ಮಳೆಗೆ ಬೀಜದ ಮೀನು ಅಲ್ಲಿಂದಲೇ ಬರಬೇಕಲ್ವಾ?

ಹೊಳೆ ತುಂಬಿದ ಮೇಲೆ ದಂಡೆಯಿಂದ ಬೀಸುವುದಕ್ಕಿಂತ ತೆಪ್ಪವೇ ವಾಸಿ. ಬಿದಿರು ಹೆಣೆದ ದುಂಡು ತೆಪ್ಪಕ್ಕೆ ಮೊದಲು ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಒಬ್ಬರು ಹುಟ್ಟು ಹಾಕಬೇಕು, ಒಬ್ಬರು ಬಲೆ ಬಿಡಬೇಕು. ಗುತ್ತಲದಲ್ಲಿ ಮೀನು ಮಾರಿ ಬಂದ ದುಡ್ಡು ಮೂರು ಪಾಲು. ಮೂರನೆಯದು ತೆಪ್ಪದ್ದು. ಬಿದಿರು, ಡಾಂಬರಿನ ಖರ್ಚೆಲ್ಲ ಅದರಲ್ಲೇ.