ವಿಚಿತ್ರ ರಾಕ್ ಸಂಗೀತಕ್ಕೆ ಕಿವಿ ಹೊಂದಿಸಿಕೊಳ್ಳುವುದು ಹೇಗೆ

ಅಮೆರಿಕದ ರಾಕ್ ಹಾಡುಗಾರ ಕ್ಯಾಪ್ಟನ್ ಬೀಫ್‌ಹಾರ್ಟ್‌ನ ‘ಟ್ರೌಟ್ ಮಾಸ್ಕ್ ರೆಪ್ಲಿಕಾ’ ಆಲ್ಬಂ ಬಗ್ಗೆ ಎಲ್ಲೋ ಓದಿ, ಆಸೆಯಿಂದ ಹಾಕಿ, ಎರಡೇ ಹಾಡಿಗೆ ನಿಲ್ಲಿಸಿದವರು ತುಂಬಾ ಜನ ಇದ್ದಾರೆ. ತಪ್ಪು ಅವರದ್ದಲ್ಲ. ಇಂಥ ಸಂಗೀತದ ಬಗ್ಗೆ ಮಾತಾಡುವವರು ಎಲ್ಲಕ್ಕಿಂತ ಕಷ್ಟದ ಆಲ್ಬಮನ್ನೇ ಮೊದಲು ಕೈಗೆ ಕೊಡುತ್ತಾರೆ. ಹೇಗೆ ಕೇಳಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ನನಗೆ ಈ ಸಂಗೀತ ಅಂದ್ರೆ ಪ್ರಾಣ, ಹಾಗಾಗಿ ನನಗೆ ಕೆಲಸ ಮಾಡಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಿಷಯ ನಂಬಿಕೊಂಡು ಶುರು ಮಾಡಿ. ಮೊದಲ ಸಲ ಕೇಳಿದಾಗ ಯಾರೋ ಸುಮ್ನೆ ಕೈಗೆ ಬಂದ ಹಾಗೆ ಬಾರಿಸಿದಂತೆ ಇರುತ್ತದೆ. ಆದರೆ ಒಳ್ಳೆಯ ವಿಚಿತ್ರ ಸಂಗೀತದಲ್ಲಿ ಯಾವಾಗಲೂ ಒಂದು ಲೆಕ್ಕ ಇರುತ್ತದೆ. ಆ ಲೆಕ್ಕ ನಮಗೆ ಪರಿಚಯ ಇಲ್ಲ, ಅಷ್ಟೇ. ಅದರ ಒಂದು ತುದಿ ಸಿಕ್ಕರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಾಗಾಗಿ ಮೊದಲು ಸುಲಭದ ಆಲ್ಬಂ ಹಿಡಿಯಿರಿ. ಬೀಫ್‌ಹಾರ್ಟ್ ಬೇಕು ಅಂದ್ರೆ 1967ರ ‘ಸೇಫ್ ಆಸ್ ಮಿಲ್ಕ್’ ಕೇಳಿ. ಅದರಲ್ಲಿ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಳೆಯ ಹಾಡಿನ ಶೈಲಿ) ಇನ್ನೂ ಸ್ಪಷ್ಟವಾಗಿದೆ, ಆಗ ಇಪ್ಪತ್ತು ವರ್ಷದ ಹುಡುಗನಾಗಿದ್ದ ರೈ ಕೂಡರ್ ಅದರಲ್ಲಿ ಗಿಟಾರ್ ನುಡಿಸಿದ್ದಾನೆ. ಆಮೇಲೆ 1972ರ ‘ಕ್ಲಿಯರ್ ಸ್ಪಾಟ್’. ಅದರಲ್ಲಿ ನೇರವಾದ ಪ್ರೇಮಗೀತೆಗಳೂ ಇವೆ. ಈ ಎರಡು ಆಲ್ಬಂ ಮುಗಿಯುವ ಹೊತ್ತಿಗೆ ಬೀಫ್‌ಹಾರ್ಟ್‌ನ ಗೊಗ್ಗರು ದನಿ ನಿಮಗೆ ಪರಿಚಯ ಆಗಿಬಿಡುತ್ತದೆ, ಅರ್ಧ ಕಷ್ಟ ಅಲ್ಲೇ ಕಡಿಮೆ. ಅಮೆರಿಕದ ಇನ್ನೊಬ್ಬ ವಿಚಿತ್ರ ಸಂಗೀತಗಾರ ಫ್ರಾಂಕ್ ಝಾಪಾಗೆ 1969ರ ‘ಹಾಟ್ ರ‍್ಯಾಟ್ಸ್’ ಒಳ್ಳೆಯ ಬಾಗಿಲು. ಹೆಚ್ಚುಕಡಿಮೆ ಪೂರ್ತಿ ವಾದ್ಯ ಸಂಗೀತ, ಹಾಡು ಅಂತ ಇರುವುದು ಒಂದೇ, ಅದನ್ನು ಹಾಡಿದ್ದು ಇದೇ ಬೀಫ್‌ಹಾರ್ಟ್. ಇಬ್ಬರೂ ಕ್ಯಾಲಿಫೋರ್ನಿಯಾದ ಲಾಂಕಾಸ್ಟರ್‌ನಲ್ಲಿ ಹೈಸ್ಕೂಲ್ ದಿನಗಳಿಂದ ಸ್ನೇಹಿತರು. ಸಿಡ್ ಬ್ಯಾರೆಟ್‌ಗೆ ಅವನು ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಬ್ಯಾಂಡ್ ಜೊತೆ ಮಾಡಿದ 1967ರ ಮೊದಲ ಆಲ್ಬಂ, ಜರ್ಮನಿಯ ‘ಕ್ಯಾನ್’ ಬ್ಯಾಂಡ್‌ಗೆ 1972ರ ‘ಎಗೆ ಬಮ್ಯಾಸಿ’.

ಈಗ ಕಷ್ಟದ್ದಕ್ಕೆ ಬರೋಣ. ‘ಟ್ರೌಟ್ ಮಾಸ್ಕ್ ರೆಪ್ಲಿಕಾ’ 1969ರಲ್ಲಿ ಬಂತು, ನಿರ್ಮಾಪಕ ಝಾಪಾ, ಎರಡು ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ), 28 ಹಾಡು. ಅಷ್ಟನ್ನೂ ಒಂದೇ ಸಲ ಕೇಳಲು ಹೋಗಬೇಡಿ. ಮೊದಲ ಹಾಡು ‘ಫ್ರೌನ್‌ಲ್ಯಾಂಡ್’ ಒಂದನ್ನೇ ತಗೊಳ್ಳಿ, ಅದು ಎರಡು ನಿಮಿಷವೂ ಇಲ್ಲ. ಹೆಡ್‌ಫೋನ್ ಹಾಕಿ. ಎರಡು ಗಿಟಾರ್ ಇವೆ, ಒಂದು ಈ ಕಿವಿಯಲ್ಲಿ, ಇನ್ನೊಂದು ಆ ಕಿವಿಯಲ್ಲಿ. ಮೊದಲ ಸಲ ಎಡಗಡೆಯ ಗಿಟಾರ್ ಮಾತ್ರ ಹಿಂಬಾಲಿಸಿ, ಬೇರೆ ಏನೇ ಬಂದರೂ ಬಿಟ್ಟುಬಿಡಿ. ಒಂದು ಸಣ್ಣ ತುಣುಕು ಬರುತ್ತದೆ, ಮತ್ತೆ ಬರುತ್ತದೆ, ಮತ್ತೆ ಬರುತ್ತದೆ, ಆಮೇಲೆ ಬೇರೆ ತುಣುಕಿಗೆ ಹೋಗುತ್ತದೆ. ಅಲ್ಲಿಗೆ ‘ಕೈಗೆ ಬಂದ ಹಾಗೆ’ ಅನ್ನೋ ಅನುಮಾನ ಹೋಗುತ್ತದೆ, ಯಾಕಂದ್ರೆ ಕೈಗೆ ಬಂದ ಹಾಗೆ ಬಾರಿಸುವವನು ಅದೇ ತುಣುಕನ್ನು ಅಷ್ಟು ಕರಾರುವಾಕ್ಕಾಗಿ ಮತ್ತೆ ಬಾರಿಸಲಾರ. ಎರಡನೇ ಸಲ ಬಲಗಡೆ. ಅಲ್ಲೂ ತುಣುಕುಗಳೇ, ಆದರೆ ಅವುಗಳ ಉದ್ದ ಬೇರೆ. ಮೂರನೇ ಸಲ ಡ್ರಮ್. ನಾಲ್ಕನೇ ಸಲ ಎಲ್ಲವನ್ನೂ ಒಟ್ಟಿಗೆ ಕೇಳಿ. ಬೇರೆ ಬೇರೆ ಉದ್ದದ ತುಣುಕುಗಳು ಅಕ್ಕಪಕ್ಕ ಓಡುತ್ತಾ, ಕೆಲವು ಕಡೆ ಎಲ್ಲರೂ ಒಟ್ಟಿಗೆ ತಿರುಗುವುದು ಕೇಳಿಸುತ್ತದೆ. ಆ ತಿರುವು ಒಂದು ಸಲ ಕಿವಿಗೆ ಬಿದ್ದರೆ ಸಾಕು, ಮುಂದಿನ ಹಾಡಿನಲ್ಲೂ ನೀವು ಅದನ್ನೇ ಕಾಯುತ್ತೀರಿ.

ಇದು ಹೇಗೆ ತಯಾರಾಯಿತು ಅನ್ನೋದು ಗೊತ್ತಿದ್ದರೆ ಕೇಳುವುದು ಇನ್ನೂ ಸುಲಭ. ಬೀಫ್‌ಹಾರ್ಟ್‌ಗೆ ಪಿಯಾನೋ ಕಲಿತು ಗೊತ್ತಿರಲಿಲ್ಲ. ಆದರೂ ಪಿಯಾನೋ ಮುಂದೆ ಕೂತು ತುಣುಕುಗಳನ್ನು ಬಾರಿಸುತ್ತಿದ್ದ. ಡ್ರಮ್ಮರ್ ಜಾನ್ ಫ್ರೆಂಚ್ ಅವನ್ನು ಬರೆದುಕೊಂಡು, ಯಾವ ವಾದ್ಯಕ್ಕೆ ಯಾವುದು ಅಂತ ಜೋಡಿಸಿ ಬ್ಯಾಂಡ್‌ನ ಉಳಿದವರಿಗೆ ಕಲಿಸುತ್ತಿದ್ದ. ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಒಂದೇ ಮನೆಯಲ್ಲಿ ಎಲ್ಲರೂ ಇದ್ದುಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು. ಎಷ್ಟು ಕರಗತ ಆಗಿತ್ತು ಅಂದ್ರೆ ಸ್ಟುಡಿಯೋದಲ್ಲಿ ಹೆಚ್ಚಿನ ಹಾಡುಗಳ ವಾದ್ಯದ ಭಾಗವನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿದರು. ಆಮೇಲೆ ಬೀಫ್‌ಹಾರ್ಟ್ ಹಾಡಿದ್ದು ಹೆಡ್‌ಫೋನ್ ಇಲ್ಲದೆ, ಸ್ಟುಡಿಯೋದ ಗಾಜಿನ ಆಚೆಯಿಂದ ಸೋರಿ ಬರುವ ಸದ್ದನ್ನಷ್ಟೇ ಕೇಳಿಕೊಂಡು. ದನಿ ವಾದ್ಯಗಳಿಂದ ಸ್ವಲ್ಪ ಹೊರಗೆ ನಿಂತ ಹಾಗೆ ಅನಿಸುವುದಕ್ಕೆ ಕಾರಣ ಇದೇ.

ಆ ಮನೆಯ ಇನ್ನೊಂದು ಮುಖವನ್ನೂ ತಿಳಿದಿರಬೇಕು. ಊಟಕ್ಕೆ ಸರಿಯಾಗಿ ಇರಲಿಲ್ಲ, ಬೈಗುಳ, ಹಿಂಸೆ ಎಲ್ಲ ಇತ್ತು ಅಂತ ಫ್ರೆಂಚ್ ಆಮೇಲೆ ವಿವರವಾಗಿ ಬರೆದಿದ್ದಾನೆ. ಮೊದಲು ಬಂದ ಎಲ್‌ಪಿಯ ಕವರ್ ಮೇಲೆ ಅವನ ಹೆಸರನ್ನೇ ಹಾಕಿರಲಿಲ್ಲ. ಈ ಆಲ್ಬಮನ್ನು ಹೊಗಳುವಾಗ ಬೀಫ್‌ಹಾರ್ಟ್ ಜೊತೆಗೆ ಜಾನ್ ಫ್ರೆಂಚ್ ಹೆಸರನ್ನೂ ಹೇಳಿ ಅಂತ ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ.

ಅಂದ ಹಾಗೆ, ‘ದಿ ಸಿಂಪ್ಸನ್ಸ್’ ಸೃಷ್ಟಿಸಿದ ಮ್ಯಾಟ್ ಗ್ರೋನಿಂಗ್‌ಗೂ ಮೊದಲ ಸಲ ಇದು ಕೆಟ್ಟದಾಗಿ ಕೇಳಿಸಿತ್ತಂತೆ. ಆರೇಳು ಸಲ ಕೇಳಿದ ಮೇಲೆ ಇದಕ್ಕಿಂತ ದೊಡ್ಡ ಆಲ್ಬಂ ಇಲ್ಲ ಅನಿಸಿತಂತೆ. ನೀವೂ ಆರೇಳು ಸಲ ಕೇಳಿ, ಆದರೆ ಒಂದೇ ದಿನ ಬೇಡ. ಎಲ್‌ಪಿಯ ಒಂದು ಬದಿಯಷ್ಟು ಕೇಳಿ, ಬಿಡಿ, ನಾಲ್ಕು ದಿನ ಬೇರೆ ಏನಾದರೂ ಕೇಳಿ, ಮತ್ತೆ ಬನ್ನಿ. ಕಿವಿ ದಣಿದರೆ ಏನೂ ಒಳಗೆ ಹೋಗುವುದಿಲ್ಲ.

ಕ್ಯಾನ್ ವಿಷಯದಲ್ಲಿ ಉಪಾಯವೇ ಬೇರೆ. ಅಲ್ಲಿ ಎಲ್ಲವೂ ಡ್ರಮ್ ಮೇಲೆ ನಿಂತಿದೆ. ಡ್ರಮ್ಮರ್ ಯಾಕಿ ಲೀಬೆಟ್‌ಸೈಟ್ ಫ್ರೀ ಜಾಝ್ (ನಿಗದಿತ ತಾಳಕ್ಕೆ ಕಟ್ಟುಬೀಳದೆ ಹೊಳೆದಂತೆ ನುಡಿಸುವ ಜಾಝ್) ಬಾರಿಸುತ್ತಿದ್ದವನು, ಅದನ್ನು ಬಿಟ್ಟು ಒಂದೇ ತಾಳವನ್ನು ಮತ್ತೆ ಮತ್ತೆ ಬಾರಿಸುವ ಕಡೆಗೆ ಬಂದ. 1971ರ ‘ಟಾಗೊ ಮಾಗೊ’ದಲ್ಲಿ ‘ಹಾಲೆಲೂವಾ’ ಅಂತ ಒಂದು ಹಾಡಿದೆ, ಹದಿನೆಂಟು ನಿಮಿಷಕ್ಕಿಂತ ಜಾಸ್ತಿ. ಅದನ್ನು ಕೂತು ಪರೀಕ್ಷೆ ಮಾಡುವ ಹಾಗೆ ಕೇಳಬೇಡಿ. ನಡೆಯುತ್ತಾ ಕೇಳಿ, ಕೆಲಸ ಮಾಡುತ್ತಾ ಕೇಳಿ, ಮೈಗೆ ತಾಳ ಹತ್ತಲಿ. ಆಮೇಲೆ ಬ್ಯಾಂಡ್‌ನ ಬಾಸ್ ಗಿಟಾರ್ ವಾದಕ ಹೊಲ್ಗರ್ ಚುಕೈಯ ಕೈಚಳಕ ಗಮನಿಸಿ: ಬ್ಯಾಂಡ್ ಗಂಟೆಗಟ್ಟಲೆ ನುಡಿಸಿದ್ದನ್ನು ಟೇಪ್‌ಗೆ ಹಾಕಿ, ಕತ್ತರಿಸಿ, ಅಂಟಿಸಿ ಹಾಡು ಮಾಡುತ್ತಿದ್ದವನು ಅವನು. ಹಾಡುಗಾರ ಡಾಮೊ ಸುಝುಕಿ ಸಿಕ್ಕಿದ್ದು 1970ರಲ್ಲಿ ಮ್ಯೂನಿಕ್‌ನ ಬೀದಿಯಲ್ಲಿ. ಚುಕೈ ಮತ್ತು ಲೀಬೆಟ್‌ಸೈಟ್ ಅವನನ್ನು ನೋಡಿ ಕರೆದರು, ಅದೇ ರಾತ್ರಿ ಅವನು ವೇದಿಕೆ ಮೇಲೆ ಹಾಡುತ್ತಿದ್ದ.

ಮುಂದೆ ಯಾರನ್ನು ಕೇಳೋದು ಅಂತ ಹುಡುಕುವುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ದಾರಿ ಆಲ್ಬಂ ಕವರ್ ಹಿಂದಿನ ಹೆಸರುಗಳನ್ನು ಓದುವುದು. ‘ಇದು ಇಷ್ಟವಾದರೆ ಅದೂ ಇಷ್ಟವಾಗಬಹುದು’ ಅಂತ ಆ್ಯಪ್‌ಗಳು ತೋರಿಸುವುದು ಒಂದೇ ಥರದ್ದು. ಹೆಸರುಗಳು ಹಾಗಲ್ಲ, ಎಲ್ಲಿಂದ ಎಲ್ಲಿಗೋ ಕರೆದುಕೊಂಡು ಹೋಗುತ್ತವೆ. ರಾಬರ್ಟ್ ವಯಾಟ್‌ನ ‘ರಾಕ್ ಬಾಟಮ್’ ತಗೊಳ್ಳಿ. ವಯಾಟ್ ‘ಸಾಫ್ಟ್ ಮಷೀನ್’ ಬ್ಯಾಂಡ್‌ನ ಡ್ರಮ್ಮರ್ ಆಗಿದ್ದವನು. 1973ರಲ್ಲಿ ಕಿಟಕಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮರುವರ್ಷ ಈ ಆಲ್ಬಂ ಬಂತು. ಇಷ್ಟು ಮೃದುವಾದ, ಇಷ್ಟು ವಿಚಿತ್ರವಾದ ಇನ್ನೊಂದು ಆಲ್ಬಂ ನನಗೆ ಗೊತ್ತಿಲ್ಲ. ನಿರ್ಮಾಪಕ ಯಾರು ನೋಡಿ: ಪಿಂಕ್ ಫ್ಲಾಯ್ಡ್‌ನ ನಿಕ್ ಮೇಸನ್. ಅಲ್ಲಿಂದ ಸಿಡ್ ಬ್ಯಾರೆಟ್‌ಗೆ ಹೋಗಿ. ಬ್ಯಾರೆಟ್‌ನ 1970ರ ‘ದಿ ಮ್ಯಾಡ್‌ಕ್ಯಾಪ್ ಲಾಫ್ಸ್’ ಆಲ್ಬಂನಲ್ಲಿ ಕೆಲವು ಹಾಡುಗಳಿಗೆ ಹಿಂದೆ ನುಡಿಸಿದ್ದು ಇದೇ ಸಾಫ್ಟ್ ಮಷೀನ್, ಡ್ರಮ್ ಬಾರಿಸಿದ್ದು ಇದೇ ವಯಾಟ್! ಬ್ಯಾರೆಟ್ ಮೊದಲೇ ಹಾಡಿ ನುಡಿಸಿಟ್ಟಿದ್ದ ಟೇಪ್ ಮೇಲೆ ಇವರು ಆಮೇಲೆ ಸೇರಿಸಿದ್ದು. ಅವನು ತನಗೆ ತೋಚಿದ ಹಾಗೆ ಸಾಲನ್ನು ಉದ್ದ ಮಾಡುತ್ತಾನೆ, ಗಿಡ್ಡ ಮಾಡುತ್ತಾನೆ, ಇವರು ಅವನ ಹಿಂದೆ ಓಡುತ್ತಾರೆ. ‘ನೋ ಗುಡ್ ಟ್ರೈಯಿಂಗ್’ ಕೇಳುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಅದೇ ‘ರಾಕ್ ಬಾಟಮ್’ನಿಂದ ಇನ್ನೊಂದು ದಾರಿಯೂ ಇದೆ. ಅದರಲ್ಲಿ ವಯೋಲಾ ನುಡಿಸಿದವನು ‘ಹೆನ್ರಿ ಕೌ’ ಬ್ಯಾಂಡ್‌ನ ಫ್ರೆಡ್ ಫ್ರಿತ್. ಫ್ರಿತ್ 1980ರಲ್ಲಿ ‘ದಿ ರೆಸಿಡೆಂಟ್ಸ್’ ಬ್ಯಾಂಡ್‌ನ ‘ಕಮರ್ಷಿಯಲ್ ಆಲ್ಬಂ’ನಲ್ಲೂ ಇದ್ದಾನೆ. ಅಲ್ಲೇ ಎಕ್ಸ್‌ಟಿಸಿ ಬ್ಯಾಂಡ್‌ನ ಆಂಡಿ ಪಾರ್ಟ್ರಿಜ್ ಕೂಡ ಸಿಗುತ್ತಾನೆ. ಎಕ್ಸ್‌ಟಿಸಿಯವರು 1988ರಲ್ಲಿ ಬೀಫ್‌ಹಾರ್ಟ್ ಗೌರವಾರ್ಥ ಬಂದ ಒಂದು ಆಲ್ಬಂಗೆ ‘ಎಲ್ಲಾ ಗುರು’ ನುಡಿಸಿದರು. ಆ ಹಾಡು ಎಲ್ಲಿಯದು? ‘ಟ್ರೌಟ್ ಮಾಸ್ಕ್ ರೆಪ್ಲಿಕಾ’ದ್ದು. ಹೀಗೆ ಕೊಂಡಿ ಹಿಡಿದು ಹೋದರೆ ನಾಲ್ಕೇ ಹೆಜ್ಜೆಯಲ್ಲಿ ಮತ್ತೆ ಬೀಫ್‌ಹಾರ್ಟ್ ಹತ್ತಿರ ಬಂದು ನಿಲ್ಲುತ್ತೀರಿ. ಆಲ್ಬಂಗಳ ವಿವರ ಇರುವ ಡಿಸ್ಕಾಗ್ಸ್ ವೆಬ್‌ಸೈಟ್‌ನಲ್ಲಿ ಒಂದು ಹೆಸರು ಒತ್ತಿದರೆ ಅವರು ನುಡಿಸಿದ ಬೇರೆ ಆಲ್ಬಂಗಳ ಪಟ್ಟಿ ಬರುತ್ತದೆ. ನಾನು ಮಾಡುವುದು ಇಷ್ಟೇ: ಇಷ್ಟವಾದ ಆಲ್ಬಂನಲ್ಲಿ ಡ್ರಮ್ಮರ್ ಅಥವಾ ನಿರ್ಮಾಪಕನ ಹೆಸರು ಹಿಡಿದು ಹೊರಡುತ್ತೇನೆ. ಹಾಡುಗಾರನನ್ನು ಎಲ್ಲರೂ ಹಿಂಬಾಲಿಸುತ್ತಾರೆ, ಆ ದಾರಿ ಬೇಗ ಮುಗಿದುಹೋಗುತ್ತದೆ.

‘ಕಮರ್ಷಿಯಲ್ ಆಲ್ಬಂ’ ಬಗ್ಗೆ ಒಂದು ಮಾತು. ಅದರಲ್ಲಿ 40 ಹಾಡು, ಒಂದೊಂದೂ ಒಂದು ನಿಮಿಷ. ಪ್ರತಿ ಹಾಡನ್ನೂ ಬೆನ್ನುಬೆನ್ನಿಗೆ ಮೂರು ಸಲ ಹಾಕಿದರೆ ಒಂದು ಪಾಪ್ ಹಾಡಾಗುತ್ತದೆ ಅಂತ ಅವರೇ ಕವರ್ ಮೇಲೆ ಹೇಳಿದ್ದಾರೆ. ನಿಜವಾಗಿಯೂ ಹಾಗೆ ಕೇಳಿ ನೋಡಿ. ಮೂರನೇ ಸಲಕ್ಕೆ ಆ ಪುಟ್ಟ ರಾಗ ನಾಲಿಗೆ ಮೇಲೆ ಇರುತ್ತದೆ. ಈ ಬ್ಯಾಂಡ್‌ನವರು ದಶಕಗಳ ಕಾಲ ಹೆಸರನ್ನೂ ಹೇಳಲಿಲ್ಲ, ಮುಖವನ್ನೂ ತೋರಿಸಲಿಲ್ಲ. ದೊಡ್ಡ ಕಣ್ಣುಗುಡ್ಡೆಯ ಮುಖವಾಡ, ಮೇಲೆ ಟಾಪ್ ಹ್ಯಾಟ್. ಇದನ್ನು ಬರೀ ಗಿಮಿಕ್ ಅನ್ನುವವರಿಗೆ ನಾನು ಒಪ್ಪುವುದಿಲ್ಲ. ಯಾರು ಹಾಡುತ್ತಿದ್ದಾರೆ ಅಂತ ಗೊತ್ತಿಲ್ಲದಿದ್ದಾಗ ನಾವು ಸದ್ದನ್ನೇ ಕೇಳುತ್ತೇವೆ.

ಹಾಗೇ ವೇಷಭೂಷಣ, ಕವರ್ ಚಿತ್ರ, ಸಂದರ್ಶನ, ಎಲ್ಲವನ್ನೂ ಸಂಗೀತದ ಭಾಗ ಅಂತಲೇ ನೋಡಿ. ‘ಡೀವೊ’ ಬ್ಯಾಂಡ್‌ನವರ ಯಂತ್ರದಂಥ ನಡಿಗೆ, ಒಂದೇ ಥರದ ಬಟ್ಟೆ ಮೊದಲು ತಮಾಷೆಯಾಗಿ ಕಾಣುತ್ತದೆ. ಆದರೆ ಆ ಬ್ಯಾಂಡ್ ಕಟ್ಟಿದವರಲ್ಲಿ ಒಬ್ಬನಾದ ಜೆರಾಲ್ಡ್ ಕಸಾಲೆ ಓಹಾಯೋದ ಕೆಂಟ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದವನು. 1970ರ ಮೇ 4ರಂದು ಅಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು ಗುಂಡು ಹಾರಿಸಿ ನಾಲ್ಕು ವಿದ್ಯಾರ್ಥಿಗಳು ಸತ್ತಾಗ ಅವನು ಅಲ್ಲಿದ್ದ, ಸತ್ತವರಲ್ಲಿ ಇಬ್ಬರು ಅವನಿಗೆ ಗೊತ್ತಿದ್ದವರು. ಮನುಷ್ಯ ಮುಂದೆ ಹೋಗುತ್ತಿಲ್ಲ, ಹಿಂದಕ್ಕೆ ಜಾರುತ್ತಿದ್ದಾನೆ ಅನ್ನೋ ಅವರ ವಾದ ಗಟ್ಟಿಯಾದದ್ದು ಅಲ್ಲಿ. ಇದು ಗೊತ್ತಾದ ಮೇಲೆ ಅವರ 1978ರ ಮೊದಲ ಆಲ್ಬಂ ನನಗೆ ಬೇರೆಯೇ ಕೇಳಿಸಿತು.

ಇನ್ನೊಂದು ಗುಂಪಿದೆ, ಅವರನ್ನು ಕೇಳುವಾಗ ಜಾಸ್ತಿ ಎಚ್ಚರ ಬೇಕು. ನ್ಯೂ ಹ್ಯಾಂಪ್‌ಶೈರ್‌ನ ಫ್ರೀಮಾಂಟ್ ಎಂಬ ಸಣ್ಣ ಊರಿನ ವಿಗ್ಗಿನ್ ಸಹೋದರಿಯರು, ಅಂದ್ರೆ ‘ದಿ ಶ್ಯಾಗ್ಸ್’, 1969ರಲ್ಲಿ ಒಂದು ಆಲ್ಬಂ ಮಾಡಿದರು. ಬ್ಯಾಂಡ್ ಕಟ್ಟಬೇಕು ಅಂತ ಹಠ ಹಿಡಿದದ್ದು ಅಪ್ಪ. ಶ್ರುತಿ ಸರಿ ಇಲ್ಲ, ಡ್ರಮ್ ತನ್ನ ಪಾಡಿಗೆ ತಾನು ಹೋಗುತ್ತದೆ. ಇದನ್ನು ಹಾಕಿ ಸ್ನೇಹಿತರ ಜೊತೆ ನಗುವುದು ತುಂಬಾ ಸುಲಭ. ದಯವಿಟ್ಟು ಹಾಗೆ ಮಾಡಬೇಡಿ. ಗಿಟಾರ್ ಮತ್ತು ದನಿಯನ್ನು ಮಾತ್ರ ಹಿಂಬಾಲಿಸಿ, ಗಿಟಾರ್ ಒಂದೊಂದು ಅಕ್ಷರದ ಜೊತೆಗೂ ಹೆಜ್ಜೆ ಹಾಕುತ್ತದೆ. ಅಕ್ಕತಂಗಿಯರು ತಮ್ಮದೇ ಲೆಕ್ಕದಲ್ಲಿ ಒಟ್ಟಿಗೆ ಇದ್ದಾರೆ. ಡೇನಿಯಲ್ ಜಾನ್‌ಸ್ಟನ್ ವಿಷಯದಲ್ಲೂ ಇಷ್ಟೇ. ಅಗ್ಗದ ಟೇಪ್ ರೆಕಾರ್ಡರ್‌ನಲ್ಲಿ ಮನೆಯಲ್ಲೇ ಹಾಡಿ, ಕವರ್ ಚಿತ್ರ ತಾನೇ ಬರೆದು, ಆಸ್ಟಿನ್ ನಗರದಲ್ಲಿ ಕ್ಯಾಸೆಟ್‌ಗಳನ್ನು ಜನರಿಗೆ ಕೈಯಾರೆ ಹಂಚುತ್ತಿದ್ದವನು. 1983ರ ಅವನ ಕ್ಯಾಸೆಟ್‌ನ ಕಪ್ಪೆಯ ಚಿತ್ರ ಇರುವ ಟೀ ಶರ್ಟನ್ನು ‘ನಿರ್ವಾಣ’ ಬ್ಯಾಂಡ್‌ನ ಕರ್ಟ್ ಕೋಬೇನ್ ಹಾಕಿಕೊಂಡ ಮೇಲೆ ಜಗತ್ತಿಗೆ ಗೊತ್ತಾದ. ಅವನು ಬದುಕಿಡೀ ಮಾನಸಿಕ ಕಾಯಿಲೆಯಿಂದ ನರಳಿದ. ಆ ಕಾಯಿಲೆಯನ್ನೇ ಅವನ ಪ್ರತಿಭೆ ಅಂತ ಬಣ್ಣಿಸುವ ಬರಹಗಳು ನನಗೆ ಸಿಟ್ಟು ತರಿಸುತ್ತವೆ. ಅವನ ಹಾಡುಗಳ ರಾಗ ಗಟ್ಟಿಯಾಗಿದೆ, ಅದಕ್ಕೇ ಅಷ್ಟೊಂದು ಜನ ಅವನ್ನು ಮತ್ತೆ ಹಾಡಿದ್ದಾರೆ. ಬೇರೆಯವರು ಹಾಡಿದ್ದನ್ನು ಮೊದಲು ಕೇಳಿ, ಆಮೇಲೆ ಅವನದ್ದಕ್ಕೆ ಹೋದರೂ ಪರವಾಗಿಲ್ಲ.

ಎಲ್‌ಪಿ ಕೊಳ್ಳುವ ಆಸೆ ಇದ್ದರೆ ಹಳೆಯ ಮೊದಲ ಮುದ್ರಣಕ್ಕೆ ದುಡ್ಡು ಸುರಿಯಬೇಡಿ, ಈಗ ಹೆಚ್ಚಿನವು ಮರುಮುದ್ರಣ ಆಗಿವೆ. ಕೊಳ್ಳುವ ಮೊದಲು ಪೂರ್ತಿ ಆಲ್ಬಮನ್ನು ಒಮ್ಮೆಯಾದರೂ ಎಲ್ಲಾದರೂ ಕೇಳಿ.

ಬೇರೆಯವರಿಗೆ ಕೇಳಿಸುವುದೂ ಈ ಹುಚ್ಚಿನ ಒಂದು ಭಾಗ ಅಲ್ವಾ. ರೇಡಿಯೋ ನಿರೂಪಕ ಜಾನ್ ಪೀಲ್ ಬಿಬಿಸಿ ರೇಡಿಯೋ 1ರಲ್ಲಿ 1967ರಿಂದ 2004ರಲ್ಲಿ ಸಾಯುವವರೆಗೂ ಮಾಡಿದ್ದು ಅದನ್ನೇ, ಎಷ್ಟೋ ಜನ ಬೀಫ್‌ಹಾರ್ಟ್ ಹೆಸರು ಕೇಳಿದ್ದೇ ಅವನ ಬಾಯಲ್ಲಿ. ‘ನರ್ಸ್ ವಿತ್ ವೂಂಡ್’ ಬ್ಯಾಂಡ್‌ನವರು 1979ರ ತಮ್ಮ ಮೊದಲ ಆಲ್ಬಂ ಜೊತೆ ತಮಗೆ ಇಷ್ಟವಾದ ವಿಚಿತ್ರ ಸಂಗೀತಗಾರರ ದೊಡ್ಡ ಪಟ್ಟಿಯನ್ನೇ ಕೊಟ್ಟರು. ಆ ಪಟ್ಟಿ ಹಿಡಿದು ಇವತ್ತಿಗೂ ಜನ ಹುಡುಕುತ್ತಾರೆ. ನೀವು ಕೊಡುವಾಗ ಒಬ್ಬರಿಗೆ ಒಂದೇ ಹಾಡು ಕೊಡಿ, ಅವರ ರುಚಿ ನೋಡಿ ಕೊಡಿ. ಕುಣಿಯಲು ಇಷ್ಟಪಡುವವರಿಗೆ ಕ್ಯಾನ್‌ನ ‘ವಿಟಮಿನ್ ಸಿ’. ಬ್ಲೂಸ್ ಗೊತ್ತಿರುವವರಿಗೆ ‘ಸೇಫ್ ಆಸ್ ಮಿಲ್ಕ್’ನ ಮೊದಲ ಹಾಡು. ನಿಧಾನದ ಹಾಡು ಬೇಕು ಅನ್ನುವವರಿಗೆ ‘ರಾಕ್ ಬಾಟಮ್’ ಶುರುವಾಗುವ ‘ಸೀ ಸಾಂಗ್’. ಕಳಿಸಿ ಸುಮ್ಮನಿರಿ, ಹೇಗಿತ್ತು ಹೇಗಿತ್ತು ಅಂತ ಬೆನ್ನು ಹತ್ತಬೇಡಿ. ಇಷ್ಟವಾದರೆ ಇನ್ನೊಂದು ಕೊಡಿ ಅಂತ ಅವರೇ ಬರುತ್ತಾರೆ. ಆಗಲೂ ‘ಫ್ರೌನ್‌ಲ್ಯಾಂಡ್’ ಬೇಡ, ಅದಕ್ಕಿನ್ನೂ ಟೈಮ್ ಇದೆ.