ಫಾಲ್ಕನ್ ಬಿಟ್ಟುಬಂದ ಜಿಪಿಎಸ್ ಉಪಗ್ರಹವನ್ನು ತಾರಸಿಯಿಂದ ಅಳೆದ ಬಗೆ

ನಾಲ್ಕು ಸಾವಿರದ ಆಸುಪಾಸಿನ ಆರ್‌ಟಿಎಲ್ ಡಾಂಗಲ್ಲು (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ರಿಸೀವರ್), ಆರುನೂರು ರೂಪಾಯಿಯ ಪ್ಯಾಚ್ ಆಂಟೆನಾ. ಇಷ್ಟಿದ್ದರೆ ಹೊಸ ಜಿಪಿಎಸ್ ಉಪಗ್ರಹ ತನ್ನ ಜಾಗಕ್ಕೆ ಬಂದು ನಿಂತಿದೆಯೋ, ಇನ್ನೂ ಜಾರುತ್ತಿದೆಯೋ ಹೇಳಬಹುದು ಅಂದಾಗ ನಕ್ಕವರೇ ಹೆಚ್ಚು. ಎಂಟು ಬಿಟ್ಟಿನ ಟಿವಿ ಡಾಂಗಲ್ಲಿನಲ್ಲಿ ಕಕ್ಷೆ ಅಳೆಯುವುದುಂಟೇ ಎಂಬುದು ಅವರ ಮಾತು. ಈಗ ಒಂದು ವಾರದ ಅಳತೆಯಿಂದ ಅರ್ಧ ದೀರ್ಘಾಕ್ಷ, ಅಂದರೆ ಕಕ್ಷೆಯ ಗಾತ್ರ, ಒಂದು ಕಿಲೋಮೀಟರ್ ಆಚೀಚೆಯಲ್ಲಿ ಸಿಗುತ್ತಿದೆ.

ಉಡಾವಣೆಯಾದ ಮರುದಿನವೇ ಕಿವಿಗೊಟ್ಟು ಕೂತರೆ ಏನೂ ಕೇಳುವುದಿಲ್ಲ. ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್ ಜಿಪಿಎಸ್ 3 ಉಪಗ್ರಹವನ್ನು ವರ್ಗಾವಣೆ ಕಕ್ಷೆಯಲ್ಲಿ ಬಿಟ್ಟು ಕೈತೊಳೆದುಕೊಳ್ಳುತ್ತದೆ, 20,200 ಕಿ.ಮೀ. ಎತ್ತರದಲ್ಲಿ ಕಕ್ಷೆಯನ್ನು ದುಂಡಗೆ ಮಾಡುವುದು ಉಪಗ್ರಹದ ಸ್ವಂತ ಎಂಜಿನ್ನು. 2018ರ ಡಿಸೆಂಬರಿನ ಮೊದಲನೆಯದಕ್ಕೆ ರಾಕೆಟ್ಟಿನ ಕೆಳಹಂತವಾದ ಬೂಸ್ಟರನ್ನು ಇಳಿಸಲೇ ಇಲ್ಲ, ಇಂಧನವೆಲ್ಲ ಮೇಲಕ್ಕೇ ಸುರಿದರು. 2020ರ ಜೂನಿನ ಮೂರನೆಯದರಿಂದ ಬೂಸ್ಟರ್ ವಾಪಸ್ ಬರತೊಡಗಿತು. ನಮಗೆ ಕೇಳುವ ಎಲ್-ಬ್ಯಾಂಡ್ ಸಿಗ್ನಲ್ ಚಾಲೂ ಆಗುವುದು ಕಕ್ಷೆ ಏರಿಸಿ, ಪ್ಯಾನಲ್ ಆಂಟೆನಾ ಎಲ್ಲ ಬಿಚ್ಚಿದ ಮೇಲೆ. ಆಗಲೂ ಸಂದೇಶದಲ್ಲಿ 'ಆರೋಗ್ಯ ಸರಿಯಿಲ್ಲ' ಎಂಬ ಗುರುತು ಇರುತ್ತದೆ. ಮೊಬೈಲ್ ಅದನ್ನು ಲೆಕ್ಕಕ್ಕೇ ಹಿಡಿಯದು. ನಮಗೆ ಬೇಕಾದದ್ದು ಇದೇ ಅವಧಿ.

ರೆಕಾರ್ಡಿಂಗ್ 1575.42 ಮೆಗಾಹರ್ಟ್ಸ್‌ನಲ್ಲಿ, ಸೆಕೆಂಡಿಗೆ 2.048 ಮೆಗಾಸ್ಯಾಂಪಲ್. ಕೇಬಲ್ಲಿನಲ್ಲೇ ಆಂಟೆನಾಕ್ಕೆ ವಿದ್ಯುತ್ ಕೊಡುವ ಬಯಾಸ್ ಟೀ ಹಾಕಿರಬೇಕು. ಪ್ಯಾಚ್ ಅನ್ನು ಬೋರಲು ಹಾಕಿದ ಊಟದ ಸ್ಟೀಲ್ ತಟ್ಟೆಯ ಮೇಲೆ ಕೂರಿಸಿದರೆ ಎರಡು ಮೂರು ಡಿಬಿ ಪುಕ್ಕಟೆ. ನೀರಿನ ಟ್ಯಾಂಕಿನಿಂದ ದೂರ ಇಡಿ. ಮೊದಲು 40 ನಿಮಿಷ ಒಂದೇ ಸಮನೆ ರೆಕಾರ್ಡ್ ಮಾಡುತ್ತಿದ್ದೆ, ಹತ್ತಿರ ಹತ್ತಿರ 10 ಜಿಬಿ. ಯುಎಸ್‌ಬಿ ಡಿಸ್ಕ್ ನಡುವೆ ಸ್ಯಾಂಪಲ್ ನುಂಗಿ ಲಾಕ್ ತಪ್ಪುತ್ತಿತ್ತು. ಅದಕ್ಕೆಂದು ಐದೂವರೆ ಸಾವಿರ ಕೊಟ್ಟು ಎಸ್‌ಎಸ್‌ಡಿ ತಂದದ್ದು ದಂಡ. ಐದೈದು ನಿಮಿಷಕ್ಕೊಂದು, ಅರವತ್ತು ಸೆಕೆಂಡಿನ ತುಂಡು ಸಾಕು. ಒಂದು ತುಂಡು 250 ಎಂಬಿಯೂ ಆಗದು.

ರೆಕಾರ್ಡಿಂಗಿನಿಂದ ಸಿಗ್ನಲ್ ಹೆಕ್ಕುವ ತಂತ್ರಾಂಶ ಜಿಎನ್‌ಎಸ್‌ಎಸ್-ಎಸ್‌ಡಿಆರ್. ಅದರ ಚಾನೆಲ್ ಸೆಟ್ಟಿಂಗ್‌ನಲ್ಲಿ ಬೇಕಾದ ಪಿಆರ್‌ಎನ್ ಸಂಖ್ಯೆಯನ್ನು, ಅಂದರೆ ಆ ಉಪಗ್ರಹದ ಗುರುತಿನ ಸಂಕೇತದ ಸಂಖ್ಯೆಯನ್ನು, ಕಟ್ಟಿಹಾಕಿ. 2024ರ ಡಿಸೆಂಬರಿನಲ್ಲಿ ಹೋದ ಏಳನೆಯದು ಪಿಆರ್‌ಎನ್ 1. ಪೀಕ್ ಕಂಡ ಕೂಡಲೇ ಕುಣಿಯಬೇಡಿ. ತಲೆಯ ಮೇಲಿರುವ ಜೋರು ಉಪಗ್ರಹವೊಂದು ಕ್ರಾಸ್ ಕೋರಿಲೇಶನ್‌ನಲ್ಲಿ (ಇನ್ನೊಂದರ ಸಂಕೇತಕ್ಕೆ ಅರೆಬರೆ ಹೊಂದಿ) ಹೀಗೇ ಮುಖ ತೋರಿಸುತ್ತದೆ, ಅದೂ ತನ್ನ ಡಾಪ್ಲರ್‌ನಿಂದ (ಚಲನೆಯಿಂದ ಆವರ್ತನ ಸರಿಯುವ ಮೊತ್ತ) ಸರಿಯಾಗಿ ಕಿಲೋಹರ್ಟ್ಸ್‌ಗಳ ಅಂತರದಲ್ಲಿ. ನನಗೆ ಎರಡು ವಾರ ಹೀಗೆ ಟೋಪಿ ಬಿತ್ತು. ಸಂದೇಶದ ಕಂತುಗಳಾದ ಸಬ್‌ಫ್ರೇಮ್‌ಗಳನ್ನು ಬಿಡಿಸಿ, ಒಂದನೆಯದರ ಮೂರನೇ ಪದದಲ್ಲಿ ಆರೋಗ್ಯದ ಗುರುತಿರುವ 17ರಿಂದ 22ನೇ ಬಿಟ್‌ಗಳನ್ನು ನೋಡಿ. ಆ ಮೊದಲ ಬಿಟ್ 1 ಇದ್ದರೆ ಹೊಸಬ ಸಿಕ್ಕಿದ ಎಂದೇ ಲೆಕ್ಕ.

ಇನ್ನು ಅಳತೆ. ಜಾಗಕ್ಕೆ ಬಂದ ಜಿಪಿಎಸ್ ಉಪಗ್ರಹ ದಿನಾ ಸುಮಾರು 4 ನಿಮಿಷ ಮುಂಚೆ ಅದೇ ದಾರಿಯಲ್ಲಿ ಹಾಯುತ್ತದೆ. ಕಕ್ಷೆ 30 ಕಿ.ಮೀ. ಕೆಳಗಿದ್ದರೆ ದಿನದ ಎರಡು ಸುತ್ತಿಗೆ ಸುಮಾರು 146 ಸೆಕೆಂಡ್ ಉಳಿಯುತ್ತದೆ, ಅಂದರೆ ದಿನಕ್ಕೆ 1.2 ಡಿಗ್ರಿ ಮುಂದಕ್ಕೆ ಜಾರಿಕೆ. ಡಾಪ್ಲರ್ ಸೊನ್ನೆ ದಾಟುವ ಗಳಿಗೆಯನ್ನು ಹಿಡಿದರೆ ಇದು ಕಾಣಬೇಕು.

ಹಿಡಿಯುವುದೇ ಕಷ್ಟ. ಸಿಗ್ನಲನ್ನು ಮೊದಲು ಹುಡುಕುವ ಹಂತ ಅಕ್ವಿಸಿಶನ್; ಬರೀ ಅದರ 500 ಹರ್ಟ್ಸ್ ಬಿನ್ನಿನಲ್ಲಿ ಆರು ನಿಮಿಷದ ತಪ್ಪು ಸಹಜ, ಯಾಕೆಂದರೆ ಡಾಪ್ಲರ್ ಬದಲಾಗುವುದು ಸೆಕೆಂಡಿಗೆ ಒಂದು ಹರ್ಟ್ಸ್‌ನ ಒಳಗೆ. ಸಿಕ್ಕ ಸಿಗ್ನಲನ್ನು ಬೆನ್ನುಹತ್ತುವ ಟ್ರ್ಯಾಕಿಂಗ್‌ನ ಡಾಪ್ಲರನ್ನೇ ತೆಗೆದುಕೊಳ್ಳಬೇಕು. ಡಾಂಗಲ್ಲಿನ ಆಂದೋಲಕ ಬಿಸಿಯೇರುವ ಮೊದಲ ಅರ್ಧ ಗಂಟೆ ನೂರಾರು ಹರ್ಟ್ಸ್ ಅಲೆಯುತ್ತದೆ. ಅದೇ ತುಂಡಿನಲ್ಲಿರುವ ಹಳೆಯ ಉಪಗ್ರಹಗಳ ಡಾಪ್ಲರನ್ನು ಅವೇ ಪ್ರಸಾರ ಮಾಡುವ ಕಕ್ಷೆಯ ವಿವರದಿಂದ (ಎಫೆಮೆರಿಸ್) ಲೆಕ್ಕ ಹಾಕಿ, ಅಳೆದದ್ದರಿಂದ ಕಳೆದು, ಆ ತಪ್ಪನ್ನು ಹೊಸದರಿಂದಲೂ ಕಳೆಯಿರಿ. ಮೂರು ಸಾಕ್ಷಿಗಳಾದರೂ ಇರಲಿ. ಬೋರ್ಡಿನ ಮೇಲಿನ ದುಬಾರಿ ಆಂದೋಲಕದ ಗೊಡವೆ ಇದರಿಂದ ತಪ್ಪಿತು. ಸಿಗ್ನಲ್ ಸೊರಗಿದ ತುಂಡುಗಳಿಗೆ ಎಷ್ಟು ತೂಕ ಕೊಡಬೇಕೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಕ್ಕವರ ಒಂದು ಮಾತು ಮಾತ್ರ ನಿಜವಾಗಿತ್ತು. ಸೊನ್ನೆ ದಾಟುವ ಸಮಯ ಎಷ್ಟು ಸರಿಯಿತೋ ಅಷ್ಟೇ ಆವರ್ತಾವಧಿಯ ವ್ಯತ್ಯಾಸ ಎಂದು ಹಿಡಿದರೆ ಉತ್ತರ ಒಂದೂವರೆ, ಎರಡು ಪಟ್ಟು ಹಿಗ್ಗುತ್ತದೆ: ಉಪಗ್ರಹದ ಅರ್ಧ ಕೋನವೇಗದಲ್ಲಿ ನಾವೂ ಭೂಮಿಯೊಂದಿಗೆ ತಿರುಗುತ್ತಿರುತ್ತೇವೆ. ಸೂತ್ರ ಬಿಟ್ಟು, ಕೆಪ್ಲರ್ ಮಾದರಿಯಲ್ಲಿ ಅಕ್ಷವನ್ನು ಅಷ್ಟಷ್ಟೇ ಬದಲಿಸಿ ಇಡೀ ಡಾಪ್ಲರ್ ವಕ್ರರೇಖೆಯನ್ನೇ ಹೊಂದಿಸಿದ ಮೇಲೆ ದಾರಿಗೆ ಬಂತು. ಇನ್ನೊಂದು ಎಡವಟ್ಟು, ಒಂದು ದಿನ ಜಿಪಿಎಸ್ ಕಾಲ, ಮರುದಿನ ಯುಟಿಸಿ ಬಳಸಿದ್ದು. ನಡುವಿನ 18 ಸೆಕೆಂಡ್ ಸುಮ್ಮನೆ ಎರಡು ಮೂರು ಕಿಲೋಮೀಟರ್ ನುಂಗಿತು. ಕಾಲವನ್ನು ಲ್ಯಾಪ್‌ಟಾಪಿನಿಂದ ಬೇಡ, ಅದೇ ರೆಕಾರ್ಡಿಂಗಿನ ಸಂದೇಶದಿಂದ ತೆಗೆಯಿರಿ. ಮೊದಲು ಸ್ಥಿರವಾಗಿರುವ ಪಿಆರ್‌ಎನ್ 4ರ ಮೇಲೆ ಪರೀಕ್ಷಿಸಿ. ಅಲ್ಲಿ 4 ನಿಮಿಷದ ಹತ್ತಿರ ಬಾರದಿದ್ದರೆ ತಪ್ಪು ನಿಮ್ಮದೇ.

ಭಾರತದ್ದೇ ಪಥದರ್ಶಕ ವ್ಯವಸ್ಥೆಯಾದ ನಾವಿಕ್‌ಗೂ ಕೈ ಹಾಕಿದೆ. ಒಂಬತ್ತು ಸಾವಿರದ ಎಲ್5 ಆಂಟೆನಾ ಬಂತು, 1176.45 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ಲೂ ಬಂತು, ಜತೆಗೆ ವಿಮಾನಗಳು ದೂರ ಅಳೆಯಲು ಬಳಸುವ ಡಿಎಂಇ ಮಿಡಿತಗಳೂ ಬಂದವು. ನಾವಿಕ್‌ನ ಎನ್‌ವಿಎಸ್-01 ಉಪಗ್ರಹ ಭೂಸ್ಥಿರವಾದ್ದರಿಂದ ಡಾಪ್ಲರ್ ಹೆಚ್ಚುಕಡಿಮೆ ಚಪ್ಪಟೆ, ಈ ವಿಧಾನಕ್ಕೆ ಹಿಡಿತವೇ ಸಿಗದು.

ಯುರೋಪಿನ ಗೆಲಿಲಿಯೊ ಉಪಗ್ರಹಗಳದ್ದು ಬೇರೆ ತಕರಾರು. 2024ರ ಏಪ್ರಿಲ್ ಮತ್ತು ಸೆಪ್ಟೆಂಬರಿನಲ್ಲಿ ಫಾಲ್ಕನ್ ಒಯ್ದದ್ದು ಎರಡೆರಡನ್ನು. ಅವಕ್ಕೆ ದೊಡ್ಡ ಎಂಜಿನ್ ಇಲ್ಲ, ರಾಕೆಟ್ಟೇ ದುಂಡು ಕಕ್ಷೆಯ ತನಕ ಬಿಟ್ಟುಬರಬೇಕು; ಏಪ್ರಿಲಿನಲ್ಲಿ ಅದಕ್ಕಾಗಿ ಬೂಸ್ಟರನ್ನೇ ಬಲಿಕೊಟ್ಟರು. ಅದೇ 1575.42ರ ಎಲ್1 ತರಂಗಾಂತರ, ಅದೇ ಆಂಟೆನಾ ಸಾಕು. ಆದರೆ ಗೆಲಿಲಿಯೊ ಅದೇ ದಾರಿಗೆ ಮರಳುವುದು 17 ಸುತ್ತು ಮುಗಿಸಿ, ಹತ್ತು ದಿನಕ್ಕೊಮ್ಮೆ. ದಿನದಿನದ ಹೋಲಿಕೆ ನಡೆಯದು, ಹತ್ತು ದಿನ ಬಿಟ್ಟು, ಸುಮಾರು 40 ನಿಮಿಷ ಮುಂಚೆ ತಾರಸಿ ಹತ್ತಬೇಕು. ಎರಡನೇ ಸರದಿಗೆ ಕರೆಂಟ್ ಹೋಯಿತು.